ಇವತ್ತಿನ ದಾರಿ ಯಾರದು

ನಮ್ಮ ಊರಿನವರು ಬೆಳಿಗ್ಗೆ ಎದ್ದು ಮೊದಲು ಕೇಳುವ ಮಾತು ಒಂದೇ. ಇವತ್ತಿನ ದಾರಿ ಯಾರದು? ಊರಿಗೂ ಬಸ್ಸು ನಿಲ್ಲುವ ಟಾರು ರಸ್ತೆಗೂ ನಡುವೆ ಎರಡು ಮೈಲಿ ಕೆಸರು ಬಯಲು. ನಿನ್ನೆ ನಡೆದ ದಾರಿ ಇವತ್ತು ಇರುವುದಿಲ್ಲ, ಹೊತ್ತು ಮುಳುಗಿದ ಮೇಲೆ ಕರಗಿಹೋಗುತ್ತದೆ. ಬೆಳಿಗ್ಗೆ ಒಬ್ಬರು ಮುಂದೆ ನಡೆಯಬೇಕು. ಅವರು ಕಾಲಿಟ್ಟ ಕಡೆ ಕೆಸರು ಗಟ್ಟಿಯಾಗುತ್ತದೆ, ಒಂದು ಚಾಪೆಯಗಲ. ಆ ಗಟ್ಟಿ ನೆಲದ ಮೇಲೆ ಹಾಲಿನವರು, ಮಾಸ್ತರರು, ಆಸ್ಪತ್ರೆಗೆ ಹೋಗುವವರು, ಹೊಸದಾಗಿ ಮದುವೆಯಾಗಿ ಗಂಡನ ಮನೆಗೆ ಹೊರಟವರು, ಎಲ್ಲರೂ ಸಾಲಾಗಿ ನಡೆಯುತ್ತಾರೆ. ಮುಂದೆ ನಡೆಯುವವರನ್ನು ಮುಂದಾಳು ಎನ್ನುತ್ತೇವೆ. ಅಂಚೆಯವನದು ಇದ್ದಂತೆ ಅದೂ ಒಂದು ನೌಕರಿ. ಆದರೆ ಬಯಲಿಗೆ ಕೆಲವು ಕಡೆ ತಳವಿಲ್ಲ. ಎಲ್ಲಿ ಎಂಬುದು ದಿನಾ ಬೇರೆ. ಅಲ್ಲಿ ಕಾಲಿಟ್ಟ ಮುಂದಾಳು ಮತ್ತೆ ಸಿಗುವುದಿಲ್ಲ.

ದಾರಿ ಮುಂದಾಳಿನ ಸ್ವಭಾವದ ಹಾಗೆ ಬರುತ್ತದೆ. ಯಂಕಪ್ಪ ಕಾಕಾನ ದಾರಿ ಗೆರೆ ಎಳೆದಂತೆ ನೇರ. ಮಂಡಿನೋವಿನ ಸಿದ್ರಾಮ ಬೀಡಿ ಹಚ್ಚಲು ನಿಂತಲ್ಲೆಲ್ಲ ಅವನ ದಾರಿ ಅಗಲವಾಗುತ್ತಿತ್ತು; ಹೆಂಗಸರು ಅಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನನ್ನ ಗಂಡ ದುರ್ಗೇಶ ಅವರದು ಉದ್ದ ಹೆಜ್ಜೆ. ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವೆ ಮೊಳದಷ್ಟು ಕೆಸರು ಉಳಿಯುತ್ತಿತ್ತು. ಮುದುಕಿಯರು ಸೀರೆ ಎತ್ತಿ ಹಾರಬೇಕಾಗುತ್ತಿತ್ತು. "ಏ ದುರ್ಗ್ಯಾ, ನಮ್ಮನ್ನ ಕರ್ಕೊಂಡು ಹೊಂಟಿಯೋ, ಬಿಟ್ಟು ಓಡಾಕತ್ತಿಯೋ?" ಎಂದು ತಿಮ್ಮವ್ವಜ್ಜಿ ಕೂಗುತ್ತಿದ್ದಳು. ಅವರು ನಗುತ್ತಿದ್ದರು, ಹೆಜ್ಜೆ ಸಣ್ಣದು ಮಾಡುತ್ತಿರಲಿಲ್ಲ. ಆದರೂ ಅವರ ದಾರಿಯ ದಿನ ಬಸ್ಸು ತಪ್ಪುತ್ತಿರಲಿಲ್ಲ. ಊರಿಗೆ ಅವರ ಮೇಲೆ ಪ್ರೀತಿ ಇತ್ತು.

ಹಿಂದಿನವರು ದಾರಿ ಹೇಳಬಾರದು. ಎಡಕ್ಕೆ ಹೋಗು, ಬಲಕ್ಕೆ ಹೊರಳು, ನಿಲ್ಲು ಎಂದು ಹಿಂದಿನಿಂದ ಯಾರಾದರೂ ಅಂದರೆ ಅಷ್ಟೂ ದಾರಿ ಸಡಿಲವಾಗುತ್ತದೆ, ಸಾಲಿನಲ್ಲಿರುವ ಎಲ್ಲರ ಕಾಲ ಕೆಳಗೂ. ನಮ್ಮ ಅಜ್ಜಿಯರ ಕಾಲದಲ್ಲಿ ಒಮ್ಮೆ ಹಾಗಾಗಿತ್ತು. ಆಗ ಮುಳುಗಿದ ಹದಿನೇಳು ಜನರ ಹೆಸರು ಮುಂದಾಳುಗಳನ್ನು ನೇಮಿಸುವ ದಾರಿ ಕಚೇರಿಯ ಗೋಡೆಯ ಮೇಲಿದೆ. ಮುಂದಾಳಿನ ಸೊಂಟಕ್ಕೆ ಹಗ್ಗ ಕಟ್ಟಿಯೂ ನೋಡಿದ್ದರಂತೆ. ಹಗ್ಗ ಎಳೆದರೆ ಅದೂ ಹೇಳಿದಂತೆಯೇ. ಆದರೆ ಕೇಳಬಹುದು. ಕೇಳಿದರೆ ಬಯಲಿಗೆ ಏನೂ ಆಗುವುದಿಲ್ಲ. ಹಾಗಾಗಿ ಮುಂದಾಳಿನ ಹಿಂದೆ ಮೂರು ಹೆಜ್ಜೆ ಬಿಟ್ಟು ಒಬ್ಬರು ಪ್ರಶ್ನೆ ಕೇಳುತ್ತಾ ನಡೆಯುತ್ತಾರೆ. ಬಿಸಿಲು ಯಾವ ಕಡೆ ಬಿದ್ದಿದೆ, ಗಾಳಿ ಹೇಗಿದೆ, ಕೊನೆಯವರು ಎಲ್ಲಿದ್ದಾರೆ. ಈ ಅಭ್ಯಾಸ ಮನೆಯೊಳಗೂ ಬಂದಿದೆ. ನಮ್ಮಲ್ಲಿ ತಾಯಂದಿರು ಮಕ್ಕಳಿಗೆ ಓದು ಎನ್ನುವುದಿಲ್ಲ, ಪುಸ್ತಕ ಎಲ್ಲಿ ಐತಿ ಎನ್ನುತ್ತಾರೆ. ಸಾರು ಸಪ್ಪಗಿದ್ದರೆ ಉಪ್ಪಿನ ಡಬ್ಬಿ ಖಾಲಿ ಆಗೇತೇನು ಎಂದು ಕೇಳುತ್ತಾರೆ.

ನಾನು ದೂರದ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಮನಃಶಾಸ್ತ್ರ ಓದಿದೆ. ಒಳ್ಳೆಯ ಶಿಕ್ಷಕ ಉತ್ತರ ಕೊಡುವುದಿಲ್ಲ, ಪ್ರಶ್ನೆ ಕೊಡುತ್ತಾನೆ ಎಂದು ಅಲ್ಲಿನ ಪ್ರಾಧ್ಯಾಪಕರು ಹೇಳಿದಾಗ ನಗು ಬಂದಿತ್ತು. ಊರಿಗೆ ಮರಳಿ ದಾರಿ ಕಚೇರಿಯಲ್ಲಿ ಕೇಳುವವಳ ಕೆಲಸಕ್ಕೆ ಸೇರಿದೆ. ದುರ್ಗೇಶ ಅವರ ಹಿಂದೆ ಹಾಕಿದರು. ವರ್ಷ ತುಂಬುವುದರೊಳಗೆ ಮದುವೆಯಾಯಿತು. ನಾಲ್ಕು ವರ್ಷ ದಿನಾ ಅವರ ಬೆನ್ನು ನೋಡುತ್ತಾ ನಡೆದೆ. ಈಗ ನೆನಪು ಮಾಡಿಕೊಂಡರೆ ಮುಖ ತಡವಾಗಿ ಬರುತ್ತದೆ. ಬೆನ್ನು ಬೇಗ ಬರುತ್ತದೆ.

ಬಯಲಿನ ತುಂಬ ಸಣ್ಣ ಏಡಿಗಳ ತೂತುಗಳಿರುತ್ತವೆ, ಜರಡಿಯ ಹಾಗೆ. ಕೆಲವು ಕಡೆ ಮಾತ್ರ ಒಂದೂ ಇರುವುದಿಲ್ಲ. ಏಡಿ ಇಲ್ಲದ ಕಡೆ ತಳವಿಲ್ಲ ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ನೋಡಿ ನೋಡಿ ನನಗೇ ಅನಿಸಿತ್ತು. ಒಂದು ಸಂಜೆ ಅಡುಗೆಮನೆಯಲ್ಲಿ, "ಏಡಿ ಎಲ್ಲಿ ಇರಂಗಿಲ್ಲ, ನೋಡೀರೇನು?" ಎಂದು ಕೇಳಿದೆ. "ಯಾಕ, ಏಡಿ ಸಾರು ತಿನ್ನಬೇಕು ಅನ್ನಿಸೇತೇನು?" ಎಂದರು. ಮರುದಿನ ಊಟದ ಡಬ್ಬಿಯ ತುಂಬ ಏಡಿ ಹಿಡಿದು ತಂದರು. ಹುಣಸೆ ಹುಳಿ ಹಾಕಿ ಮಾಡಿದೆ. ಚೆನ್ನಾಗಿ ಬಂದಿತ್ತು. ಇಬ್ಬರೂ ಕೈ ನೆಕ್ಕಿಕೊಂಡು ಉಂಡೆವು.

ಆಮೇಲೆ ಒಂದು ದಿನ ಅವರ ಹಿಂದೆ ಸಾಲಿನಲ್ಲಿ ಅರವತ್ತೆರಡು ಜನ. ಹತ್ತನೆಯ ತರಗತಿಯ ಪರೀಕ್ಷೆ ಇತ್ತು, ಮಕ್ಕಳೇ ಹೆಚ್ಚು. ನಡುಬಯಲಿನಲ್ಲಿ ಅವರ ಮುಂದಿನ ನೆಲ ಕಂಡಿತು. ಒಂದು ತೂತೂ ಇರಲಿಲ್ಲ. ಈಗಷ್ಟೇ ಸಾರಿಸಿದ ಅಂಗಳದ ಹಾಗೆ ನಯವಾಗಿತ್ತು. "ಕಾಲ ಮುಂದ ಏನ್ ಕಾಣ್ತೈತಿ?" ಎಂದು ಕೇಳಿದೆ. "ಕೆಸರು" ಎಂದರು. "ಏಡಿ ತೂತು ಎಷ್ಟದಾವು?" ಎಂದೆ. ಅವರು ತಿರುಗಲಿಲ್ಲ. "ಏಡಿ ಎಣಿಸ್ಕೋತ ನಿಂತ್ರ ಪರೀಕ್ಷಾ ಯಾರ್ ಬರೀತಾರ?" ಎಂದರು. ಹಿಂದೆ ಮಕ್ಕಳು ನಕ್ಕರು. ನಿಲ್ರಿ ಎಂಬ ಮಾತು ನನ್ನ ನಾಲಗೆಯ ಮೇಲಿತ್ತು. ಆ ನಗುವ ಮಕ್ಕಳೂ ನನ್ನ ಬೆನ್ನ ಹಿಂದೆ ಇದ್ದರು. ದುರ್ಗೇಶ ಅವರು ಎಂದಿನ ಹಾಗೆ ಉದ್ದ ಹೆಜ್ಜೆ ಇಟ್ಟರು.

ಅವರು ಮತ್ತೆ ಸಿಗಲಿಲ್ಲ. ಅವರು ಮಾಡಿದ ಅಷ್ಟು ದಾರಿ ಸಂಜೆಯವರೆಗೂ ಗಟ್ಟಿಯಾಗಿತ್ತು. ಅರವತ್ತೆರಡು ಜನರೂ ಅದರ ಮೇಲೆಯೇ ಹಿಂತಿರುಗಿ ಮನೆ ಸೇರಿದೆವು.

ಕಚೇರಿಯಲ್ಲಿ ಪಂಚರು ನನ್ನನ್ನು ಕೂರಿಸಿ ಒಂದೇ ಮಾತು ಕೇಳಿದರು. "ನೀ ಏನರ ಹೇಳಿದೇನು?" ಇಲ್ಲ ಎಂದೆ. ಏನಾದರೂ ಕಂಡಿತ್ತೇ ಎಂದು ಯಾರೂ ಕೇಳಲಿಲ್ಲ. ತಿಂಗಳ ಮೇಲೆ ಸಭೆ ಮಾಡಿ, ಅಂಥ ಹೊತ್ತಿನಲ್ಲೂ ನಿಯಮ ಮುರಿಯಲಿಲ್ಲ ಎಂದು ನನಗೆ ಶಾಲು ಹೊದಿಸಿದರು. ಅದು ಪ್ಲಾಸ್ಟಿಕ್ ಚೀಲದಲ್ಲಿ ಹಾಗೆಯೇ ಇದೆ.

ಆಮೇಲೆ ಮುಂದಾಳಿನ ಕೆಲಸಕ್ಕೆ ಯಾರೂ ಬರಲಿಲ್ಲ. ಮೊದಲಿಂದಲೂ ಮೂರು ಮನೆತನದ ಗಂಡುಮಕ್ಕಳು ಮಾತ್ರ ಅದನ್ನು ಕಲಿಯುತ್ತಿದ್ದರು. ಐದಾರು ವರ್ಷ ಪಗಾರವಿಲ್ಲದೆ ಬೆಳಗಿನ ಹೊತ್ತು ಕಳೆಯಲು ಉಳಿದವರಿಗೆ ಎಲ್ಲಿ ಆಗುತ್ತದೆ? ಈಗ ಆ ಮನೆಗಳವರೂ ಮಕ್ಕಳನ್ನು ಕಳಿಸಲು ಒಲ್ಲೆ ಎಂದರು. ನೌಕರಿ ಬಿಟ್ಟು ಕೂತಿದ್ದ ಯಂಕಪ್ಪ ಕಾಕಾನೇ ಮತ್ತೆ ಮುಂದೆ ನಡೆಯತೊಡಗಿದ. ಅವನ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಆಗ ಡಿಗ್ರಿ ಕಾಲೇಜಿನ ಪ್ರಾಂಶುಪಾಲರೂ ದಾರಿ ಕಚೇರಿಯವರೂ ಸೇರಿ ಒಂದು ಯೋಜನೆ ಮಾಡಿದರು. ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಆರು ತಿಂಗಳು ತರಬೇತಿ, ತಿಂಗಳು ತಿಂಗಳು ಸ್ಟೈಪೆಂಡ್, ಜೊತೆಗೆ ಒಬ್ಬರು ಕೋಚ್. ಕೋಚ್ ಎಂದರೆ ನಾನು. ನಾನಾಗಲೇ ಬಯಲಿಗೆ ಇಳಿಯುವುದನ್ನು ಬಿಟ್ಟಿದ್ದೆ. ಊರಂಚಿನ ಮೊಣಕಾಲುದ್ದದ ಕೆಸರಿನಲ್ಲಿ ಕಲಿಸಿದರೆ ಸಾಕು ಎಂದರು. ಒಪ್ಪಿದೆ. ಬೇಡ ಎನ್ನಲೂ ಒಂದಿಷ್ಟು ಶಕ್ತಿ ಬೇಕು.

"ಪಗಾರ ಕೊಟ್ಟು ಮುಂದಾಳು ಮಾಡಾಕ ಬರ್ತೈತೇನ ತಂಗಿ? ಅದು ರಕ್ತದಾಗ ಬರಬೇಕು" ಎಂದು ಯಂಕಪ್ಪ ಕಾಕಾ ಅಂದ.

ಏಳು ಜನ ಸೇರಿದರು. ಅವರಲ್ಲಿ ಹುಲಿಗೆಮ್ಮ ಒಬ್ಬಳು. ಗಿಡ್ಡ ಹುಡುಗಿ, ಅಂಗೈ ತುಂಬ ಮೆಣಸಿನಕಾಯಿಯ ಉರಿ. ದಿನಾ ಐದರಿಂದ ಒಂಬತ್ತರವರೆಗೆ ಖಾನಾವಳಿಯಲ್ಲಿ ಚಟ್ನಿ ಅರೆದು ಆಮೇಲೆ ಕಾಲೇಜಿಗೆ ಬರುತ್ತಿದ್ದಳಂತೆ. ಮೊದಲ ದಿನ ಯಾಕೆ ಸೇರಿದಿರಿ ಎಂದು ಎಲ್ಲರನ್ನೂ ಕೇಳಿದೆ. ಊರ ಸೇವೆ ಎಂದರು, ಧೈರ್ಯ ಎಂದರು. "ಖಾನಾವಳ್ಯಾಗ ಕೊಡೋ ಅಷ್ಟ ಇಲ್ಲೂ ಕೊಡ್ತೀವಂದ್ರಿ, ಅದಕ್ಕ ಬಂದೀನ್ರಿ. ಧೈರ್ಯ ಗೀರ್ಯ ಏನಿಲ್ರಿ ಮೇಡಂ ನನ್ನ ಹತ್ರ" ಎಂದಳು ಹುಲಿಗೆಮ್ಮ. ಹುಡುಗರು ಅವಳನ್ನು ಕಾಡುತ್ತಿದ್ದರು. "ಹೆಸರು ಹುಲಿ, ಹೆಜ್ಜಿ ಇಲಿ!" ಅವಳು ತಿರುಗಿ, "ಇಲಿ ಹಗುರ ಇರ್ತೈತಲೇ. ನೀ ನಿನ್ನ ಹೊಟ್ಟಿ ನೋಡ್ಕೋ" ಎನ್ನುತ್ತಿದ್ದಳು.

ಅವಳ ಹೆಜ್ಜೆ ನಿಜಕ್ಕೂ ಸಣ್ಣದು. ಅಭ್ಯಾಸಕ್ಕೆಂದು ಊರ ಮುದುಕಿಯರು ಹಿಂದೆ ಸಾಲಾಗಿ ನಡೆಯುತ್ತಿದ್ದರು. ಕೊನೆಯವರು ಎಲ್ಲಿದ್ದಾರೆ ಎಂದು ಕೇಳಿದರೆ ಮೊದಮೊದಲು "ಹಿಂದ ಅದಾರ್ರಿ" ಎಂದು ಸುಮ್ಮನಾಗುತ್ತಿದ್ದಳು. ದಿನಾ ಕೇಳಿದೆ. ಮೂರನೆಯ ತಿಂಗಳಿಗೆ ತಿರುಗಿ ನೋಡದೆಯೇ, "ತಿಮ್ಮವ್ವಜ್ಜಿ ಎರಡು ಸಲ ಕೆಮ್ಮಿದ್ಲು. ಇನ್ನೂ ಕಲ್ಲಿನ ಹತ್ರ ಅದಾಳ. ನಿಂದ್ರೋಣ್ರಿ" ಎಂದಳು. ಅವಳ ದಾರಿ ಒತ್ತಾಗಿ ಬರುತ್ತಿತ್ತು, ಹೆಣೆದ ಹಾಗೆ. ನಡುವೆ ಕೆಸರು ಉಳಿಯುತ್ತಿರಲಿಲ್ಲ. ಮುದುಕಿಯರು ಅದರ ಮೇಲೆ ಹರಟುತ್ತಾ ನಡೆದರು.

ಉಳಿದವರಲ್ಲಿ ಒಬ್ಬನಿಗೆ ಬೇರೆ ಕಡೆ ಸೀಟು ಸಿಕ್ಕಿತು. ಇಬ್ಬರನ್ನು ತಾಯಂದಿರು ಬಂದು ಕರೆದುಕೊಂಡು ಹೋದರು. ಉಳಿದ ಮೂವರು ಮಳೆ ಬಂದು ಸೊಂಟದವರೆಗೆ ಕೆಸರು ಏರಿದ ದಿನ ಮನೆಗೆ ಹೋದವರು ಮತ್ತೆ ಬರಲಿಲ್ಲ. ಆರನೆಯ ತಿಂಗಳಿಗೆ ಹುಲಿಗೆಮ್ಮ ಒಬ್ಬಳೇ ಇದ್ದಳು. ಕೊನೆಯ ದಿನ ಅವಳು ಊರ ಜನರನ್ನು ಹಿಂದಿಟ್ಟುಕೊಂಡು ಬಯಲು ದಾಟಬೇಕು. ಕೋಚ್ ಮೂರು ಹೆಜ್ಜೆ ಹಿಂದೆ ನಡೆಯಬೇಕು. ಅದಕ್ಕೆ ಮೊದಲು ನಾನು ಒಂದು ಹಾಳೆಯ ಮೇಲೆ ಸಿದ್ಧಳಿದ್ದಾಳೆ ಅಥವಾ ಸಿದ್ಧಳಿಲ್ಲ ಎಂದು ಬರೆದು ಸಹಿ ಮಾಡಬೇಕು.

ಸಿದ್ಧಳಿಲ್ಲ ಎಂದು ಬರೆದೆ.

ಏಡಿಯ ಮಾತನ್ನು ನಾನು ಅವಳಿಗೆ ಹೇಳಿರಲಿಲ್ಲ. ಆರು ತಿಂಗಳಲ್ಲಿ ನೂರು ಸಲ ಸುತ್ತಿ ಬಳಸಿ ಕೇಳಿದ್ದೆ. ಅವಳ ಕಣ್ಣು ಅಲ್ಲಿಗೆ ಹೋಗಿರಲಿಲ್ಲ. ಊರಂಚಿನ ಕೆಸರಿನಲ್ಲಿ ಎಲ್ಲ ಕಡೆಯೂ ಏಡಿ, ಇಲ್ಲದ ಜಾಗವೇ ಇಲ್ಲ, ಅವಳಾದರೂ ಏನು ನೋಡಬೇಕು? ತರಗತಿಯಲ್ಲಿ ಕೂರಿಸಿಕೊಂಡು ನೇರವಾಗಿ ಹೇಳಿದರೆ ಯಾವ ದಾರಿಯೂ ಸಡಿಲವಾಗುತ್ತಿರಲಿಲ್ಲ. ಎಷ್ಟೋ ಸಲ ಬಾಯಿ ತೆರೆದೆ. ಹೇಳಿದರೆ ಅವಳ ಮುಂದಿನ ಮಾತು, ನಿಮಗೆ ಯಾವಾಗಿನಿಂದ ಗೊತ್ತು ಎಂಬುದೇ ಆಗಿರುತ್ತಿತ್ತು. ಅಲ್ಲಿಗೆ ಬಂದು ಬಾಯಿ ಮುಚ್ಚುತ್ತಿತ್ತು.

ಅವಳು ಹಾಳೆ ಹಿಡಿದು ನಮ್ಮ ಮನೆಗೆ ಬಂದಳು. ಒಳಗೆ ಬರಲಿಲ್ಲ. ಹೊಸ್ತಿಲ ಆಚೆ ನಿಂತು ಕೇಳಿದಳು. "ನನ್ನ ಹೆಜ್ಜಿ ಸರಿ ಇಲ್ಲೇನ್ರಿ?"

"ಹೆಜ್ಜಿ ಬಗ್ಗೆ ನಾನೇನರ ಅಂದೇನೇನು?"

"ಮತ್ತ ಹೆದರಿಕಿ ಬಗ್ಗೆ ಬರದೀರೇನ್ರಿ? ನಾ ಹೆದರ್ತೀನಂತೋ, ನೀವು ಹೆದರ್ತೀರಂತೋ?"

ಅವಳು ಧ್ವನಿ ಇಳಿಸಿದಳು. "ಮೇಡಂ, ಮೊನ್ನೆ ಯಂಕಪ್ಪ ಕಾಕಾನ ಹಿಂದ ನಡದಿದ್ದೆ. ಮುದುಕಗ ತನ್ನ ಕಾಲ ತನಗ ಕಾಣವಲ್ದು. ನಮ್ಮವ್ವಗ ವಾರಕ್ಕ ಎರಡು ಸಲ ದವಾಖಾನಿಗೆ ಹೋಗಬೇಕು, ಅದ ದಾರಿ ಮ್ಯಾಲ. ನಾ ಸಿದ್ಧ ಇಲ್ಲಾಂದ್ರ ಮತ್ಯಾರು ಸಿದ್ಧ ಅದಾರ್ರಿ?"

ಹಾಳೆ ಇಸಿದುಕೊಂಡೆ. ಒಂದು ಶಬ್ದ ಹೊಡೆದು ಇನ್ನೊಂದು ಬರೆದೆ. ಆಗಲೂ ಏಡಿಯ ಮಾತು ಬಾಯಿಗೆ ಬಂತು. ಅವಳು ಹಾಳೆಯನ್ನು ಎದೆಗೆ ಒತ್ತಿಕೊಂಡು ಓಡಿಹೋದಳು. ಬೆಳಿಗ್ಗೆ ಹೇಳೋಣ ಎಂದುಕೊಂಡೆ.

ಬೆಳಿಗ್ಗೆ ಜನ ಸೇರಿಬಿಟ್ಟಿದ್ದರು. ಎಪ್ಪತ್ತರ ಮೇಲಿದ್ದರು. ಹುಲಿಗೆಮ್ಮನ ತಾಯಿ ಕಂಬಳಿ ಹೊದ್ದು ನಡುವೆ ನಿಂತಿದ್ದಳು. ಯಂಕಪ್ಪ ಕಾಕಾ ಕೋಲು ಹಿಡಿದು ನನ್ನ ಹಿಂದೆಯೇ ಬಂದ. "ಇವತ್ತಿನ ದಾರಿ ಯಾರ್ದವಾ?" ಎಂದು ತಿಮ್ಮವ್ವಜ್ಜಿ ಬೇಕೆಂದೇ ಜೋರಾಗಿ ಕೇಳಿದಳು. "ನಂದ ಬೇ ಆಯಿ" ಎಂದು ಹುಲಿಗೆಮ್ಮ ಕೆಸರಿಗೆ ಕಾಲಿಟ್ಟಳು. ಅವಳ ಹಿಂದೆ ನಾನೂ ಇಳಿದೆ, ಎರಡು ವರ್ಷದ ಮೇಲೆ. ಕಾಲಿಗೆ ತಣ್ಣಗೆ ತಾಗಿತು. ಅಷ್ಟೇ. ಇನ್ನೇನಾದರೂ ಅನಿಸಬಹುದು ಎಂದುಕೊಂಡಿದ್ದೆ.

ಮೊದಲ ಮೈಲಿ ಸುಲಭವಾಗಿ ಹೋಯಿತು. ನಾನು ಕೇಳಿದೆ, ಅವಳು ಹೇಳಿದಳು. ಗಾಳಿ ಬಲಗಡೆಯಿಂದ ಇತ್ತು. ಕೊನೆಯವನು ಹಾಲಿನ ಕ್ಯಾನಿನವನು. ಎರಡು ಸಲ ಅವನಿಗಾಗಿ ನಿಂತೆವು. ನಡುಬಯಲು ಬಂತು. ಅವಳ ಬೆನ್ನಿನಾಚೆ ನೆಲ ನಯವಾಗುತ್ತಾ ಹೋಗಿತ್ತು. ಸಾರಿಸಿದ ಅಂಗಳ.

"ಕಾಲ ಮುಂದ ಏನ್ ಕಾಣ್ತೈತಿ?" ಎಂದೆ. ನನ್ನ ಧ್ವನಿ ನನಗೇ ಎರಡು ವರ್ಷದ ಹಿಂದಿನಿಂದ ಕೇಳಿತು.

ಅವಳ ಹೆಜ್ಜೆ ನಿಂತಿತು. ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಹಿಂದೆ ಸಾಲಿನಲ್ಲಿ ಗುಸುಗುಸು ಎದ್ದಿತು. ಯಾರೋ ಬಸ್ಸು ಎಂದರು. "ಮುಂದಾಳು ನಿಂದ್ರಬಾರ್ದು" ಎಂದು ಕಾಕಾ ನನ್ನ ಕಿವಿಯ ಹತ್ತಿರ ಗೊಣಗಿದ.

"ಗೊತ್ತಾಗವಲ್ದ್ರಿ" ಎಂದಳು ಹುಲಿಗೆಮ್ಮ.

ನಾಲ್ಕು ವರ್ಷದಲ್ಲಿ ನಾನು ಮುಂದಿನಿಂದ ಆ ಮಾತು ಕೇಳಿರಲಿಲ್ಲ. ಅವಳು ಇಡೀ ಮೈ ತಿರುಗಿಸಿ ನನ್ನ ಕಡೆ ನಿಂತಳು. ಮುಖ ಬೆವೆತಿತ್ತು.

"ಮೇಡಂ, ನಿಮಗೇನ್ ಕಾಣ್ತೈತ್ರಿ?"

"ಏ ಹುಡುಗಿ!" ಕಾಕಾ ಕೋಲೆತ್ತಿದ. "ಮುಂದಾಳು ಹಿಂದಿನವ್ರನ್ನ ಕೇಳಬಾರ್ದು!"

"ಹಂಗಂತ ಎಲ್ಲಿ ಬರದೈತ್ರಿ ಕಾಕಾ?"

ಕಾಕಾ ಎತ್ತಿದ ಕೋಲು ಇಳಿಸಿದ. ಎಲ್ಲಿಯೂ ಬರೆದಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ.

"ದಾರಿ ಹೇಳ್ರಿ ಅನ್ನಾಕತ್ತಿಲ್ರಿ. ನಿಮ್ಮ ಕಣ್ಣಿಗೆ ಏನ್ ಕಾಣ್ತೈತಿ ಅಂತ ಕೇಳಾಕತ್ತೀನ್ರಿ."

ಹಿಂದೆ ಎಪ್ಪತ್ತು ಜನ ನಿಂತಿದ್ದರು. ನಾನು ಮಾತಾಡಿದರೆ ಅವರೆಲ್ಲರ ಕಾಲ ಕೆಳಗೆ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಸುಮ್ಮನಿದ್ದರೆ ಅವಳ ಕಾಲ ಕೆಳಗೆ ಏನಾಗುತ್ತದೆ ಎಂಬುದು ಗೊತ್ತಿತ್ತು. ಹಿಂದೆ ಅವಳ ತಾಯಿ ಕೆಮ್ಮಿದಳು. "ಹೇಳ್ರಿ ಮೇಡಂ" ಎಂದಳು ಆ ಹೆಂಗಸು. ಇನ್ನೂ ಒಂದೆರಡು ತಲೆ ಹೌದೆಂದು ಅಲುಗಿದವು.

"ಏಡಿ ತೂತು ಇಲ್ಲ" ಎಂದೆ.

ನೆಲ ಅಲುಗಲಿಲ್ಲ. ನಾನು ಕಾಲ್ಬೆರಳು ಒತ್ತಿ ನೋಡಿದೆ. ಗಟ್ಟಿಯಾಗಿಯೇ ಇತ್ತು.

"ಏಡಿ ತೂತು ಇಲ್ಲದ ಕಡೆ ತಳ ಇರಂಗಿಲ್ಲ."

ಆಗಲೂ ಗಟ್ಟಿಯಾಗಿತ್ತು.

ಹುಲಿಗೆಮ್ಮ ಹೌದೇ ಎನ್ನಲಿಲ್ಲ, ಯಾವಾಗಿನಿಂದ ಗೊತ್ತು ಎನ್ನಲಿಲ್ಲ. ತಿರುಗಿ ಮತ್ತೆ ಬಗ್ಗಿದಳು. ನಯವಾದ ಜಾಗದ ಅಂಚನ್ನು ಕಣ್ಣಲ್ಲೇ ಅಳೆದಳು. ತಾನೇ ಯೋಚಿಸಿ ಎಡಕ್ಕೆ ಹೊರಳಿ, ತೂತುಗಳು ದಟ್ಟವಾಗಿದ್ದ ಕಡೆ ಕಾಲಿಟ್ಟಳು. ದಾರಿ ಅಲ್ಲಿ ಬಾಗಿತು. ದೊಡ್ಡ ಬಾಗು, ಬುಟ್ಟಿಯ ಹಿಡಿಯಂತೆ. ಹಾಲಿನ ಕ್ಯಾನಿನವನವರೆಗೂ ಎಲ್ಲರೂ ಅದರ ಮೇಲೆ ದಾಟಿದರು. ಆ ದಿನದ ಮೊದಲ ಬಸ್ಸು ತಪ್ಪಿತು. ಯಾರೂ ಬೈಯಲಿಲ್ಲ.

ಟಾರು ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕುಳಿತಿದ್ದೆ. ಜನ ಹುಲಿಗೆಮ್ಮನನ್ನು ಸುತ್ತುವರಿದಿದ್ದರು. ಕಾಕಾ ಬಂದು ನನ್ನ ಪಕ್ಕ ಕೂತ. ಕೋಲಿನಿಂದ ಮಣ್ಣು ಕೆದರಿದ.

"ಆವತ್ತೂ ನಿನಗ ಕಂಡಿತ್ತೇನ ತಂಗಿ?"

"ಕಂಡಿತ್ತು."

ಅವನು ಕನ್ನಡಕ ತೆಗೆದು ಧೋತರದಲ್ಲಿ ಒರೆಸಿದ. ಒರೆಸಿದರೂ ಅವನಿಗೆ ಏನೂ ಹೆಚ್ಚು ಕಾಣುವುದಿಲ್ಲ. "ನಲವತ್ತು ವರ್ಷ ಮುಂದ ನಡದೆ. ಹಿಂದಿನವ್ರನ್ನ ಒಂದು ಮಾತು ಕೇಳಲಿಲ್ಲ ನೋಡು" ಎಂದ. ಆಮೇಲೆ ಎದ್ದು ಚಹಾದಂಗಡಿಯ ಕಡೆ ಹೋದ.

ನಾನು ಅಲ್ಲಿಯೇ ಲೆಕ್ಕ ಹಾಕಿದೆ. ಎಡಕ್ಕೆ ಹೋಗು ಎನ್ನುವುದು ದಾರಿ ಹೇಳಿದಂತೆ. ಏಡಿ ತೂತು ಇಲ್ಲ ಎನ್ನುವುದು ಕಂಡದ್ದನ್ನು ಹೇಳಿದಂತೆ. ಇವೆರಡೂ ಬೇರೆ ಎಂದು ನಮ್ಮ ಊರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಥವಾ ಅವಳು ಕೇಳಿದ್ದರಿಂದಲೇ ನೆಲ ನಿಂತಿತೋ ಏನೋ. ದುರ್ಗೇಶ ಅವರು ಒಮ್ಮೆ ತಿರುಗಿ ಕೇಳಿದ್ದರೆ ನಾನು ಹೇಳುತ್ತಿದ್ದೆ. ಅವರು ಕೇಳದಿದ್ದರೂ ನಾನು ಹೇಳಬಹುದಿತ್ತೇ? ಅದನ್ನು ತಿಳಿಯಲು ಒಂದೇ ದಾರಿ ಇದೆ, ಕೇಳದೆ ಇರುವ ಮುಂದಾಳಿನ ಹಿಂದೆ ಮತ್ತೆ ನಡೆಯುವುದು. ಹುಲಿಗೆಮ್ಮ ಇರುವವರೆಗೆ ಅಂಥವರು ನಮ್ಮ ಊರಲ್ಲಿ ತಯಾರಾಗಲಾರರು. ಬಯಲಿನ ಮಾತು ಬಿಡಿ, ಅಡುಗೆಮನೆಯಲ್ಲಿ ಹೇಳಬಹುದಿತ್ತು. ಏಡಿ ಸಾರಿನ ದಿನ, ಕೈ ನೆಕ್ಕಿಕೊಳ್ಳುವಾಗ.

ಇಳಿಹೊತ್ತಿಗೆ ಅದೇ ದಾರಿಯಲ್ಲಿ ಮರಳಿದೆವು. ಮರಳುವಾಗ ದಾರಿ ಮೊದಲೇ ಸಿದ್ಧವಿರುತ್ತದೆ, ಜನ ಹರಟುತ್ತಾ ಬೇಗ ಬೇಗ ನಡೆಯುತ್ತಾರೆ. ನಾನು ಹಿಂದುಳಿದೆ. ಬಾಗು ಬಂದಾಗ ನಿಂತೆ. ಎಡಗಡೆ ಆ ನಯವಾದ ಜಾಗ ಬಿಸಿಲಿಗೆ ಹೊಳೆಯುತ್ತಿತ್ತು. ಇದು ದುರ್ಗೇಶ ಅವರು ಹೋದ ಜಾಗವಲ್ಲ. ಬಯಲಿನಲ್ಲಿ ಯಾವ ಜಾಗವೂ ಇದ್ದಲ್ಲಿ ಇರುವುದಿಲ್ಲ. ಆದರೂ ಅತ್ತ ತಿರುಗಿದೆ.

"ಅಲ್ಲಿ ಏಡಿ ತೂತು ಇಲ್ರಿ" ಎಂದೆ, ಅವರಿಗೆ. ಜೋರಾಗಿಯೇ ಅಂದೆ.

ಯಾರೂ ಕೇಳದೆ ಹೇಳಿದ್ದೆ, ಆದರೂ ಕಾಲ ಕೆಳಗೆ ನೆಲ ಗಟ್ಟಿಯಾಗಿತ್ತು. ಒಮ್ಮೆ ಸಡಿಲವಾಗಬಾರದೇ ಎನಿಸಿತು. ಆಗಲಿಲ್ಲ. ಕಣ್ಣಿಂದ ನೀರು ಬರುತ್ತಿದೆ ಎಂದು ಗಲ್ಲ ತಣ್ಣಗಾದಾಗ ತಿಳಿಯಿತು.

ಸಾಲು ಊರಂಚು ತಲುಪಿತ್ತು. ಹೊತ್ತು ಮುಳುಗಲು ಇನ್ನು ಸ್ವಲ್ಪವೇ ಉಳಿದಿತ್ತು. ಎಲ್ಲರೂ ಮೇಲೆ ಹತ್ತಿ ಹೋದರು, ಒಬ್ಬಳು ಹತ್ತಲಿಲ್ಲ. ದಾರಿಯ ತುದಿಯಲ್ಲಿ ಆ ಗಿಡ್ಡ ಹುಡುಗಿ ಕೈ ಅಡ್ಡ ಹಿಡಿದು ಬಯಲಿನ ಕಡೆ ನೋಡುತ್ತಿದ್ದಳು. ಬರ್ರಿ ಎಂದು ಕರೆಯಲಿಲ್ಲ.

"ಕೊನೆಯವರು ಎಲ್ಲಿ ಅದಾರ್ರಿ?" ಎಂದು ಕೂಗಿ ಕೇಳಿದಳು.

"ಇಲ್ಲಿ ಅದೀನಿ" ಎಂದೆ. ಅವಳ ಹೆಜ್ಜೆಗಳ ಮೇಲೆ ಹೆಜ್ಜೆ ಇಡುತ್ತಾ ಹೊರಟೆ. ಎಲ್ಲಿಯೂ ಹಾರಬೇಕಾಗಲಿಲ್ಲ.